ಬೋಳು ಕಾರಿನ ವರ್ಷ

ಹೋದ ವಾರ ಹೊಂಗನೂರು ರಸ್ತೆಯಲ್ಲಿ ಲಕ್ಷ್ಮಮ್ಮ ಎಂಬಾಕೆಗೆ ಕಾರು ಕಲಿಸುತ್ತಿದ್ದೆ. ಐವತ್ತು ದಾಟಿದ ಹೆಂಗಸು. ರೇಷ್ಮೆಗೂಡನ್ನು ವ್ಯಾನಿಗೆ ಹೇರಿಕೊಂಡು ತಾನೇ ರಾಮನಗರದ ಮಾರುಕಟ್ಟೆಗೆ ಹೋಗಬೇಕೆಂಬ ಹಟ ಅವರದು. ಹಟವೇನೋ ಒಳ್ಳೆಯದೇ. ಆದರೆ ಕ್ಲಚ್ಚಿನ ಮೇಲಿಟ್ಟ ಕಾಲನ್ನು ಮಾತ್ರ ತೆಗೆಯುವುದಿಲ್ಲ. "ಕಾಲು ತೆಗೀರಿ ಲಕ್ಷ್ಮಮ್ಮ, ಪೂರ್ತಿ ತೆಗೀರಿ" ಎಂದು ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಹೇಳುವಷ್ಟರಲ್ಲಿ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಅವರು ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದರು. ಸುಟ್ಟ ಕ್ಲಚ್ಚಿನ ವಾಸನೆ ಕಾರಿನ ತುಂಬ ಹರಡಿತು.

"ಏನೋ ಸೀಯ್ತಾ ಐತಲ್ಲ ಮೇಡಂ?" ಎಂದರು, ಯಾರದೋ ಮನೆಯ ಒಲೆಯ ಸಮಾಚಾರ ಕೇಳುವಂತೆ.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಒಂದು ಕಾಲದಲ್ಲಿ ಅದೇ ವಾಸನೆಯನ್ನು ನಾನೇ ಎಬ್ಬಿಸಿ, ಅದೇ ಮುಖ ಹೊತ್ತು ಕೂತಿದ್ದವಳು. ಚಾವಣಿ ಇರುವ ಕಾರನ್ನು ಬಿಟ್ಟು ಚಾವಣಿ ಇಲ್ಲದ ಕಾರಿನ ರೇಸಿಗೆ ಹೋದ ವರ್ಷ ಅದು. ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಚನ್ನಪಟ್ಟಣದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲಿದೆ. ಅದರ ಪಕ್ಕದಲ್ಲೇ ಅಪ್ಪನ ತಮ್ಮ, ಶಿವಣ್ಣ ಚಿಕ್ಕಪ್ಪನ ಗ್ಯಾರೇಜು. ಹೊಸ ಹೆದ್ದಾರಿ ಊರನ್ನು ಬಿಟ್ಟು ಆಚೆಯಿಂದ ಹಾದುಹೋದ ಮೇಲೆ ಗ್ಯಾರೇಜಿಗೆ ಮೊದಲಿನ ಗದ್ದಲವಿಲ್ಲ. ಮೈಸೂರಿಗೆ ಹೋಗುತ್ತ ಕೆಟ್ಟು ನಿಲ್ಲುವ ಗಾಡಿಗಳು ಈಗ ಬೇರೆಲ್ಲೋ ಕೆಟ್ಟು ನಿಲ್ಲುತ್ತವೆ. ಆದರೂ ದೂರದೂರಿನಿಂದ ಕೆಲವರು ಚಿಕ್ಕಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು, ನಮ್ಮ ಬಿಳಿ ಕಾರಿನ ಕಾರಣಕ್ಕೆ.

ಬಿಳಿ ಕಾರೆಂದರೆ ಮಾಮೂಲಿ ಹಳೆಯ ಸಣ್ಣ ಕಾರು. ಯಾರ ಮನೆಯ ಮುಂದೆ ಬೇಕಾದರೂ ನಿಂತಿರಬಹುದಾದಂಥದ್ದು. ರಸ್ತೆಯ ಕಾರನ್ನೇ ತಂದು, ಸೀಟುಗಳನ್ನು ಕಿತ್ತು, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕಟ್ಟಿ, ನಿಯಮ ಬಿಟ್ಟಷ್ಟು ಎಂಜಿನ್ನನ್ನು ತಿದ್ದಿ ಓಡಿಸುವ ಹವ್ಯಾಸಿಗಳ ರೇಸೊಂದಿತ್ತು. ಏಳು ವರ್ಷ ನಾವಿಬ್ಬರೂ ಅದರಲ್ಲಿದ್ದೆವು. ತಿದ್ದುವುದು ಚಿಕ್ಕಪ್ಪ, ಓಡಿಸುವುದು ನಾನು. ಅವನು ಎಂಜಿನ್ ಬಿಚ್ಚಿ ತಿಂಗಳುಗಟ್ಟಲೆ ಅದನ್ನು ಉಜ್ಜುತ್ತ, ಕಿವಿಗೊಟ್ಟು ಕೇಳುತ್ತ, ಮತ್ತೆ ಬಿಚ್ಚುತ್ತ ಕೂರುತ್ತಿದ್ದ. ಆ ಕಾರು ಒಳ್ಳೆಯ ಎತ್ತಿನ ಹಾಗೆ ಎಳೆಯುತ್ತಿತ್ತು. ಗೆದ್ದ ಕಪ್ಪುಗಳನ್ನು ಗ್ಯಾರೇಜಿನ ಶೆಲ್ಫಿನ ಮೇಲೆ ಗ್ರೀಸ್ ಡಬ್ಬಗಳ ಪಕ್ಕ ಸಾಲಾಗಿ ಇಟ್ಟಿದ್ದೆವು.

ಕೊಯಮತ್ತೂರಿನ ಹತ್ತಿರದ ಟ್ರ್ಯಾಕಿನಲ್ಲಿ ಒಂದು ಸಂಜೆ ಬಹುಮಾನ ತೆಗೆದುಕೊಂಡು ಇಳಿಯುತ್ತಿದ್ದಾಗ, ಸೋತವರ ಕಡೆಯವನೊಬ್ಬ ಬೆಂಗಳೂರಿನ ಕನ್ನಡದಲ್ಲಿ ಪಕ್ಕದವನಿಗೆ ಹೇಳಿದ್ದು ಕೇಳಿಸಿತು: "ಆ ಗಾಡಿ ಯಾರು ಓಡಿಸಿದ್ರೂ ಗೆಲ್ಲುತ್ತೆ ಬಿಡಿ. ಆಯಮ್ಮಂದೇನಿಲ್ಲ, ಎಲ್ಲ ಆ ಮೆಕ್ಯಾನಿಕ್ಕಂದು."

ನನಗೆ ಮೈಯೆಲ್ಲ ಉರಿಯಿತು. ತಿರುಗಿ ನೋಡಿದರೆ ಚಿಕ್ಕಪ್ಪನಿಗೂ ಅದು ಕೇಳಿಸಿತ್ತು. ಅವನು ನಾಚಿಕೊಂಡು ನಗುತ್ತಿದ್ದ. ಆ ನಗು ನನ್ನನ್ನು ಇನ್ನಷ್ಟು ಉರಿಸಿತು. ಚನ್ನಪಟ್ಟಣ ಮುಟ್ಟುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

ಅದೇ ಟ್ರ್ಯಾಕಿನಲ್ಲಿ ಇನ್ನೊಂದು ರೇಸು ನಡೆಯುತ್ತಿತ್ತು. ಎಲ್ಲರಿಗೂ ಒಂದೇ ಅಚ್ಚಿನ ಕಾರು. ಚಾವಣಿ, ಬಾಗಿಲು, ಗಾಜು ಒಂದೂ ಇಲ್ಲ. ಒಬ್ಬರಿಗಷ್ಟೇ ಜಾಗ, ಚಕ್ರಗಳು ಮೈಯಿಂದ ಆಚೆ ಚಾಚಿಕೊಂಡಿರುತ್ತವೆ. ಕಾರುಗಳು ರೇಸು ನಡೆಸುವವರದೇ, ಮೆಕ್ಯಾನಿಕ್ಕುಗಳೂ ಅವರವರೇ, ಎಂಜಿನ್ನಿಗೆ ಸೀಲು. ಯಾರಿಗೆ ಯಾವ ಕಾರು ಎಂಬುದನ್ನು ಪ್ರತಿ ಸ್ಪರ್ಧೆಗೂ ಮೊದಲು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಅಲ್ಲಿ ಗೆದ್ದರೆ ಕಾರಿನಿಂದ ಗೆದ್ದಳು ಎನ್ನಲು ಯಾವನಿಗೂ ಬಾಯಿರುವುದಿಲ್ಲ.

ಚಿಕ್ಕಪ್ಪನಿಗೆ ಹೇಳಿದಾಗ ಅವನು ಯಾರದೋ ಟಾಟಾ ಏಸಿನ ಕೆಳಗೆ ಮಲಗಿದ್ದ. ಹಾಗೇ ಕೇಳಿದ:

"ಎಂಜಿನ್ನು ಮುಟ್ಟಂಗಿಲ್ವಾ?"

"ಇಲ್ಲ."

"ಪ್ಲಗ್ಗು ಬಿಚ್ಚಿ ನೋಡಂಗೂ ಇಲ್ವಾ?"

"ಏನೂ ಮುಟ್ಟಂಗಿಲ್ಲ ಚಿಕ್ಕಪ್ಪ. ಸೀಲ್ ಹಾಕಿರ್ತಾರೆ."

ಗಾಡಿಯ ಕೆಳಗಿಂದ ಹೊರಬಂದು ಸ್ಪ್ಯಾನರನ್ನು ಬಟ್ಟೆಗೆ ಒರೆಸಿದ. ತುಂಬ ಹೊತ್ತು ಒರೆಸಿದ. "ಮತ್ತೆ ನಾ ಬಂದು ಏನ್ ಮಾಡ್ಲವ್ವಾ ಅಲ್ಲಿ? ಟೀ ಕಾಯಿಸ್ಲಾ?"

ಆದರೂ ಬಂದ. ಬರಬೇಡವೆಂದು ನಾನೂ ಹೇಳಲಿಲ್ಲ.

ಜೂನ್ ತಿಂಗಳ ಮೊದಲ ಅಭ್ಯಾಸದ ದಿನ ಅಲ್ಲಿ ತುಂತುರು ಮಳೆ. ಆ ಕಾರಿಗೆ ಹತ್ತುವುದೆಂದರೆ ತೊಟ್ಟಿಗೆ ಇಳಿದ ಹಾಗೆ. ಮೊದಲು ಸೀಟಿನ ಜಾಗದಲ್ಲಿ ನಿಲ್ಲಬೇಕು, ಆಮೇಲೆ ಎರಡೂ ಕೈ ಅಂಚಿಗೆ ಊರಿ ಕಾಲನ್ನು ಕಾರಿನ ಮೂತಿಯ ಕಡೆಗೆ ತೂರಿಸುತ್ತ ಜಾರಬೇಕು. ಮೂವತ್ತಾರು ವರ್ಷ ಮುದ್ದೆ ಉಂಡ ನನ್ನ ಸೊಂಟ ಅರ್ಧ ದಾರಿಯಲ್ಲಿ ನಿಂತಿತು. ಇಬ್ಬರು ಭುಜ ಒತ್ತಿ ಕೂರಿಸಿದರು. ಸೀಟು ನನ್ನ ಮೈಗೆ ಸರಿಹೊಂದಲು ಬೆನ್ನಿನ ಅಚ್ಚು ತೆಗೆಯಬೇಕೆಂದು ಪ್ಲಾಸ್ಟಿಕ್ ಚೀಲದಲ್ಲಿ ಎಂಥದೋ ದ್ರವ ಸುರಿದು ನನ್ನ ಹಿಂದೆ ತುರುಕಿದರು. ಅದು ಬಿಸಿಯಾಗಿ ಉಬ್ಬಿ ಗಟ್ಟಿಯಾಗುವವರೆಗೂ ನಾನು ಅಲ್ಲಾಡಬಾರದು. ಮಳೆ ನೇರ ಮಡಿಲಿಗೆ ಬೀಳುತ್ತಿತ್ತು. ಆ ಇಡೀ ವರ್ಷದಲ್ಲಿ ಚಿಕ್ಕಪ್ಪ ಮನಸ್ಸು ಬಿಚ್ಚಿ ನಕ್ಕಿದ್ದು ಆಗ.

"ಇದೇನವ್ವಾ ಇದು ಬೋಳು ಕಾರು! ತಲೆ ಮೇಲೊಂದು ಗೋಣಿಚೀಲನಾದ್ರೂ ಹಾಕೊಳ್ಳದಲ್ವಾ?"

ಗೇರು ಬಲಗಡೆಗಿತ್ತು, ಬೆರಳುದ್ದದ ಕಡ್ಡಿ. ಇಪ್ಪತ್ತು ವರ್ಷದ ಅಭ್ಯಾಸಬಲದಲ್ಲಿ ಎಡಗೈ ಗೇರು ಹುಡುಕಿಕೊಂಡು ಹೋಗಿ ಕಾರಿನ ಬದಿಗೆ ಬಡಿಯುತ್ತಿತ್ತು. ಕ್ಲಚ್ಚೋ ಮುಟ್ಟಿದರೆ ಮುನಿ, ಬಿಟ್ಟರೆ ಕಾರು ಜಿಗಿಯುತ್ತಿತ್ತು. ಮೂರು ಸಲ ಕಾರು ನಿಂತುಹೋಯಿತು. ನಾಲ್ಕನೆಯ ಸಲ ಆ ಸುಟ್ಟ ವಾಸನೆ ಎದ್ದಿತು. ಸಾವಿರ ಜನಕ್ಕೆ ಕಾರು ಕಲಿಸಿದ ಬಾಯಿಬಡುಕಿ ನಾನು, ಕಾರುಗಳನ್ನು ಸಜ್ಜು ಮಾಡುವ ಪಿಟ್ಟಿನ ಬಾಗಿಲಲ್ಲೇ ಕಾರನ್ನು ಮುಗ್ಗರಿಸುತ್ತ ನಿಂತಿದ್ದೆ. ಪಕ್ಕದ ಕಾರಿನಲ್ಲಿದ್ದ ಹದಿನೆಂಟರ ಹುಡುಗಿ, ಕೊಯಮತ್ತೂರಿನ ಕಾಲೇಜಿನವಳು, ಹೆಲ್ಮೆಟ್ಟಿನ ಗಾಜು ಎತ್ತಿ "ಆಂಟಿ, ಕ್ಲಚ್ ಮೆಲ್ಲ" ಎಂದಳು. ಸದುದ್ದೇಶದಿಂದಲೇ ಹೇಳಿದಳು. ಅದಕ್ಕೇ ಇನ್ನೂ ಕೋಪ ಬಂತು.

ಓಡಲು ಶುರುವಾದ ಮೇಲೆ ಬೇರೆಯೇ ಕಾಟ. ಬಿಳಿ ಕಾರಿನೊಳಗೆ ವೇಗವೆಂದರೆ ಸದ್ದು ಮಾತ್ರ. ಇಲ್ಲಿ ಗಾಳಿ ಬಂದು ಹೆಲ್ಮೆಟ್ಟನ್ನು ಹಿಡಿದು ಜಗ್ಗುತ್ತದೆ. ಬದಿಯಲ್ಲಿ ಚಕ್ರಗಳು ಕುಣಿಯುವುದು, ಟಾರಿನ ಒಂದೊಂದು ತೇಪೆ, ಅಂಚಿನ ಹುಲ್ಲು ಎಲ್ಲ ಕಣ್ಣಿಗೆ ಬೀಳುತ್ತದೆ. ಅಷ್ಟೆಲ್ಲ ಕಾಣುವ ಅಗತ್ಯ ನನಗಿರಲಿಲ್ಲ. ಮನೆಗೆ ಬಂದ ಮೇಲೆ ಒಂದು ವಾರ ಕತ್ತು ತಿರುಗಿಸಲಾಗಲಿಲ್ಲ. ಚಿಕ್ಕಮ್ಮ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತ, "ಬಾಗಿಲಿರೋ ಕಾರು ಬುಟ್ಟು ಬಾಗಿಲಿಲ್ಲದ್ದಕ್ಕೆ ಹೋಗೋರುನ್ನ ನಾನು ಇದೇ ಮೊದಲು ನೋಡ್ತಿರೋದು" ಎಂದಳು. ಇತ್ತ ಸ್ಕೂಲಿನ ಕಾರನ್ನು ಓಡಿಸಿ ತೋರಿಸುವಾಗ ನನ್ನ ಬಲಗೈ ಗೇರು ಹುಡುಕಿಕೊಂಡು ಬಾಗಿಲಿಗೆ ಬಡಿಯತೊಡಗಿತು. ಕಲಿಯಲು ಬಂದವರು ಮುಖ ಮುಖ ನೋಡಿಕೊಂಡರು.

ಮೊದಲ ಸ್ಪರ್ಧೆಯಲ್ಲಿ ಹದಿಮೂರನೆಯವಳಾದೆ. ಓಡಿದ್ದು ಹದಿನಾರು ಕಾರು. ಗೇರು ಬಿಗಿಯಿತ್ತು ಎಂದೆ. ಎರಡನೆಯದರಲ್ಲಿ ಹನ್ನೆರಡು. ಬ್ರೇಕು ಮೊಂಡು ಎಂದೆ. ಅಲ್ಲಿದ್ದ ಮೆಕ್ಯಾನಿಕ್ಕು ಬ್ರೇಕು ತುಳಿದು ನೋಡಿ ತನ್ನ ಕೆಲಸಕ್ಕೆ ಹೋದ. ಚಿಕ್ಕಪ್ಪ ಒಮ್ಮೆ ಅಭ್ಯಾಸಬಲದಿಂದ ಬಗ್ಗಿ ಎಂಜಿನ್ನಿನ ಕಡೆ ಕಿವಿ ಕೊಟ್ಟದ್ದಕ್ಕೆ, ಒಬ್ಬ ಓಡಿಬಂದು ಮುಟ್ಟಬೇಡಿ ಎಂದು ತಮಿಳಿನಲ್ಲಿ ಗದರಿ, ಹಗ್ಗದ ಆಚೆ ನಿಲ್ಲಿಸಿದ. ಅರವತ್ತು ದಾಟಿದ, ನಮ್ಮ ಸೀಮೆಯಲ್ಲಿ ಎಂಜಿನ್ನಿನ ಮಾತು ಬಂದರೆ ಮೊದಲು ನೆನಪಾಗುವ ಮನುಷ್ಯ, ಕೈ ಕಟ್ಟಿಕೊಂಡು ಹಗ್ಗದ ಆಚೆ ನಿಂತ. ಅವನಿಗೆ ಉಳಿದ ಕೆಲಸ ಒಂದೇ. ಚೀಟಿಯಲ್ಲಿ ಯಾವ ಕಾರು ಬರುತ್ತದೋ ಅದಕ್ಕೆ ನನ್ನ ಬೆನ್ನಿನ ಅಚ್ಚನ್ನು ಹೊತ್ತು ತಂದು ಕೂರಿಸುವುದು. ಅಷ್ಟು ದೊಡ್ಡ ಅಚ್ಚನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಬರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಬೇರೆ ಕಡೆ ನೋಡುತ್ತಿದ್ದೆ.

ಮೂರನೆಯ ಸ್ಪರ್ಧೆ ಆಗಸ್ಟಿನ ಕೊನೆಗೆ. ಚೀಟಿ ಎತ್ತಿದೆ. ಏಳನೆಯ ಕಾರು. ಹಿಂದಿನ ಸಲ ಆ ಕಾಲೇಜು ಹುಡುಗಿ ಗೆದ್ದಿದ್ದು ಅದರಲ್ಲೇ. ಅವಳೇ ಬಂದು ಕೈ ಕುಲುಕಿ, "ಲಕ್ಕಿ ಆಂಟಿ, ಸೂಪರ್ ಕಾರ್" ಎಂದಳು. ಕೊನೆಗೂ ನನಗೆ ನ್ಯಾಯ ಸಿಕ್ಕಿತು ಎಂದುಕೊಂಡೆ.

ಹನ್ನೊಂದನೆಯವಳಾದೆ. ಹುಡುಗಿ, ಹಿಂದಿನ ಸಲ ನಾನು ಓಡಿಸಿದ್ದ ಮೊಂಡು ಬ್ರೇಕಿನ ಕಾರಿನಲ್ಲಿ ಎರಡನೆಯವಳಾದಳು.

ಸೋಮವಾರ ಬೆಳಿಗ್ಗೆ ಘಟ್ಟ ಹತ್ತಿ, ಚಾಮರಾಜನಗರ, ಕೊಳ್ಳೇಗಾಲ ದಾಟಿ ಬರುವವರೆಗೆ ನಾನೊಬ್ಬಳೇ ಮಾತಾಡಿದೆ. ಟೈರು, ಗಾಳಿ, ನನ್ನ ತೂಕ, ಆ ಹುಡುಗಿಯ ತೂಕ. ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತಿದ್ದ. ಸಾತನೂರಿನಲ್ಲಿ ಟೀಗೆ ನಿಲ್ಲಿಸಿದಾಗ ಲೋಟ ಕೆಳಗಿಟ್ಟು ಹೇಳಿದ:

"ನೀನು ಬ್ರೇಕು ಬೇಗ ಹಿಡೀತೀಯ ಕಣವ್ವ."

"ಏನು?"

"ತಿರುವು ಇನ್ನೂ ದೂರ ಇರೋವಾಗ್ಲೇ ಕಾಲು ಅಲ್ಲಿಗೋಯ್ತದೆ. ದಿನಾ ಬೆಳಗಾದ್ರೆ ಕಲಿಯೋರ ಪಕ್ಕ, ನಿನ್ನ ಕಡೆಗಿರೋ ಇನ್ನೊಂದು ಬ್ರೇಕ್ ಮೇಲೇ ಕಾಲಿಟ್ಕೊಂಡು ಕೂರೋಳು ನೀನು. ಅದು ಅಂಟ್ಕೊಂಡ್‌ಬುಟ್ಟೈತೆ. ಹಗ್ಗದಾಚೆ ನಿಂತು ನಿಂತು ಅದೊಂದ್ನೇ ನೋಡಿದೀನಿ, ಬ್ಯಾರೆ ಕೆಲಸ ಏನಿತ್ತು?"

"ಹಂಗಿದ್ರೆ ಬಿಳಿ ಕಾರಲ್ಲಿ ಹೆಂಗೆ ಗೆದ್ದೆ?"

ಅವನು ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡ. ಕೇಳಬಾರದಿತ್ತು ಎಂದು ಆಗಲೇ ಅನ್ನಿಸಿತು. ಆದರೆ ಮತ್ತೆ ಕೇಳಿದೆ.

"ಮೊದಲ್ನೇ ವರ್ಸದಿಂದ್ಲೂ ಹಂಗೇ ಹಿಡೀತಿದ್ದೆ," ಎಂದ. "ಅದಕ್ಕೇ ನಾನು ಆ ಎಂಜಿನ್ನು ಹಂಗೆ ಮಾಡಿದ್ದು. ನಿಧಾನ ಆದ್ರೂ ತಿರುವಿಂದ ಈಚೆಗೆ ಬರೋವಾಗ ದಬಕ್ಕನೆ ಎಳಕೊಂಡ್ ಬರ್ಲಿ ಅಂತ. ಗೇರೂ ಬದಲಾಯಿಸಿದ್ದೆ."

"ಏಳು ವರ್ಷದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ಗೆಲ್ತಿದ್ಯಲ್ಲವ್ವ. ಯಾಕೇಳ್ಬೇಕು?"

ಆ ಟೀ ಅಂಗಡಿಯ ಮುಂದೆ ನಾನು ಆಡಿದ ಮಾತೆಲ್ಲವನ್ನೂ ಇಲ್ಲಿ ಬರೆಯಲಾರೆ. ಊರಿನವರ ತಪ್ಪನ್ನೆಲ್ಲ ದಿನವಿಡೀ ಮುಖದ ಮೇಲೆ ಹೇಳುವುದೇ ನನ್ನ ಕಸುಬು. ನನ್ನ ತಪ್ಪನ್ನು ಮಾತ್ರ ಏಳು ವರ್ಷ ಬಟ್ಟೆ ಹೊದಿಸಿ ಇಟ್ಟಿದ್ದೆಯಲ್ಲ, ನನ್ನನ್ನು ಏನೆಂದುಕೊಂಡೆ, ಮಗು ಅಂದುಕೊಂಡೆಯಾ ಎಂದೆ. ಆ ಬಹುಮಾನದ ಸಂಜೆ ಯಾಕೆ ನಕ್ಕೆ ಎಂದೂ ಕೇಳಿದೆ. ನಿನ್ನ ಕಪ್ಪುಗಳನ್ನು ನೀನೇ ಇಟ್ಟುಕೋ ಎಂದೂ ಅಂದುಬಿಟ್ಟೆ. ಅವನು ತಲೆ ತಗ್ಗಿಸಿ ಕೇಳಿದ. ಕೊನೆಗೆ ಹಿಂದಿನ ಸೀಟಿನಿಂದ ಚೀಲ ತೆಗೆದುಕೊಂಡು, "ನೀ ಹೋಗವ್ವ, ನಾನು ಬಸ್ಸಿಗೆ ಬತ್ತೀನಿ" ಎಂದ. ಹತ್ತಿದ್ದು ಚನ್ನಪಟ್ಟಣದ ಬಸ್ಸಲ್ಲ, ಉಯ್ಯಂಬಳ್ಳಿಯದು. ಅದು ಚಿಕ್ಕಮ್ಮನ ತವರು.

ಒಂದು ವಾರ ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ಎಂಟನೆಯ ದಿನ ಚಿಕ್ಕಮ್ಮ ಸ್ಕೂಲಿನ ಮುಂದೆ ಬಂದು ನಿಂತಳು.

"ನನ್ನ ತವರಿಗೆ ನನ್ನೇ ಬುಟ್ಟು ಹೋಗಿ ಕೂತವ್ರೆ. ನಮ್ಮಣ್ಣ ಫೋನ್ ಮಾಡಿ ಏನಾಯ್ತು ಅಂತಾನೆ. ಏನಂತ ಹೇಳ್ಲಿ? ಹೋಗಿ ಕರ್ಕಬಾ. ಬೈದೋಳು ನೀನು."

ಹೋದೆ. ದಾರಿಯುದ್ದಕ್ಕೂ ನನ್ನದೇನು ತಪ್ಪು ಎಂದು ಲೆಕ್ಕ ಹಾಕುತ್ತಲೇ ಹೋದೆ. ಆದರೆ ಆ ವಾರ ಇನ್ನೊಂದು ನಡೆದಿತ್ತು. ಕಲಿಯುವವರ ಪಕ್ಕ ಕೂತಾಗಲೆಲ್ಲ ನನ್ನ ಕಾಲನ್ನೇ ಗಮನಿಸಿದ್ದೆ. ಬೇಕಿರಲಿ, ಬೇಡವಾಗಿರಲಿ, ಅದು ಹೋಗಿ ಬ್ರೇಕಿನ ಮೇಲೆ ಕೂರುತ್ತಿತ್ತು, ಸಾಕಿದ ನಾಯಿ ಜಗಲಿಯ ಮೇಲೆ ಕೂತ ಹಾಗೆ. ಅವನು ಹೇಳಿದ್ದು ನಿಜ. ಅದೇ ತಡೆಯಲಾಗದ ಸಂಗತಿ.

ಉಯ್ಯಂಬಳ್ಳಿಯ ಹೊರಗೆ, ರಾಗಿ ಹೊಲದ ಅಂಚಿನಲ್ಲಿ, ಚಿಕ್ಕಪ್ಪ ಯಾರದೋ ಡೀಸೆಲ್ ಪಂಪನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದ. ಟ್ರ್ಯಾಕಿನ ಹಗ್ಗದಾಚೆ ಕಟ್ಟಿಕೊಂಡು ನಿಂತಿದ್ದ ಅವನ ಕೈ ಇಲ್ಲಿ ಕಪ್ಪಾಗಿತ್ತು. ನನ್ನನ್ನು ನೋಡಿ, "ಆ ನಟ್ಟು ಒಸಿ ಇತ್ತ ಕೊಡು" ಎಂದ. ಕೊಟ್ಟೆ. ಅರ್ಧ ಗಂಟೆ ಹಾಗೇ ಒಂದೊಂದು ಭಾಗ ಎತ್ತಿಕೊಡುತ್ತ ಕೂತೆ.

"ಹೆಂಗೆ ಬಿಡೋದು ಅದನ್ನ?" ಎಂದು ಕೊನೆಗೆ ನಾನೇ ಕೇಳಿದೆ.

"ಯಾವುದ್ನ?"

"ಬೇಗ ಬ್ರೇಕ್ ಹಿಡಿಯೋದನ್ನ. ಗೊತ್ತಾದ್ರೂ ಕಾಲು ಕೇಳಲ್ಲ."

ಪಂಪಿನೊಳಗೆ ಕೈಯಾಡಿಸುತ್ತಲೇ ಯೋಚಿಸಿದ. "ಅಲ್ಲಿ ಉದ್ದನೇ ನೇರ ಐತಲ್ಲ, ಅದರ ಕೊನೇಲಿ ತಿರುವು. ಪಕ್ಕದಲ್ಲಿ ಜನ ನಿಲ್ಲೋ ತಂತಿಬೇಲಿ. ನಾನು ಬೇಲಿಯಾಚೆ ನಿಂತಿರ್ತೀನಿ. ನಾನು ಎಲ್ಲಿ ನಿಂತಿರ್ತೀನೋ ಅಲ್ಲಿಗಂಟ ಆಕ್ಸಿಲರೇಟರಿಂದ ಕಾಲು ಎತ್ತಬ್ಯಾಡ. ನಿನ್ನ ಕಣ್ಣ ನಂಬಬ್ಯಾಡ, ನನ್ನ ನೋಡು. ಬೋಳು ಕಾರು ತಾನೇ, ಚೆನ್ನಾಗಿ ಕಾಣ್ತದೆ."

ಕೊನೆಯ ಸ್ಪರ್ಧೆ ಅಕ್ಟೋಬರಿನಲ್ಲಿ. ಹಿಂದಿನ ದಿನವೆಲ್ಲ ಮಳೆ ಸುರಿದಿತ್ತು. ಬೆಳಿಗ್ಗೆ ಬಿಸಿಲು ಬಂದು ಟ್ರ್ಯಾಕು ಒಣಗಿದರೂ ಅಂಚಿನ ಮಣ್ಣು ಕೆಸರಾಗಿಯೇ ಇತ್ತು. ಚಿಕ್ಕಪ್ಪ ಮದುವೆಗೆ ಹೊರಟವನಂತೆ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಕಾಣಲೆಂದು.

ಅಭ್ಯಾಸದ ಮೊದಲ ಸುತ್ತಿನಲ್ಲಿ ಬೇಲಿಯಾಚೆ ಬಿಳಿ ಅಂಗಿ ಕಂಡಿತು. ಅಲ್ಲಿಗೆ ಮುಟ್ಟುವ ಮೊದಲೇ ನನ್ನ ಕಾಲು ಬ್ರೇಕಿಗೆ ಹೋಯಿತು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಹಲ್ಲು ಕಚ್ಚಿ, ಅವನ ನೇರಕ್ಕೆ ಬರುವವರೆಗೆ ಕಾಲನ್ನು ಒತ್ತಿಯೇ ಇಟ್ಟೆ. ಸತ್ತೆ ಎಂದುಕೊಂಡೆ. ಕಾರು ಏನೂ ಆಗಿಲ್ಲವೆಂಬಂತೆ ತಿರುಗಿತು. ಮಧ್ಯಾಹ್ನ ನೋಡಿದರೆ ಅವನು ತಿರುವಿನ ಕಡೆಗೆ ಹತ್ತು ಹೆಜ್ಜೆ ಸರಿದು ನಿಂತಿದ್ದ. ಬೈದುಕೊಳ್ಳುತ್ತಲೇ ಅಲ್ಲಿಯವರೆಗೂ ಹೋದೆ. ರೇಸು ಶುರುವಾಗುವಾಗ ಇನ್ನೂ ಆರು ಹೆಜ್ಜೆ ಸರಿದಿದ್ದ. ಆ ಮನುಷ್ಯನಿಗೆ ಕರುಣೆಯೇ ಇರಲಿಲ್ಲ.

ಒಂಬತ್ತನೆಯ ಜಾಗದಿಂದ ಹೊರಟೆ. ಆ ಒಂದು ತಿರುವಿನಲ್ಲೇ ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿದೆ. ಅವರು ಕಾಲೆತ್ತಿದ ಮೇಲೂ ನನ್ನ ಕಾಲು ಕೆಳಗೇ ಇರುತ್ತಿತ್ತು. ಎಂಟು, ಏಳು, ಆರು. ಅರ್ಧ ರೇಸು ಮುಗಿದ ಮೇಲೆ ಇನ್ನೆರಡು. ಕೊನೆಯ ಸುತ್ತಿಗೆ ನಾಲ್ಕನೆಯವಳಾಗಿದ್ದೆ, ಐದನೆಯವನು ಬಾಲಕ್ಕೆ ಅಂಟಿಕೊಂಡಿದ್ದ. ನೇರದ ಕೊನೆಯಲ್ಲಿ ಬಿಳಿ ಅಂಗಿ ಕಂಡಿತು. ಅದರ ನೇರಕ್ಕೆ ಬಂದೆ, ಬ್ರೇಕು ತುಳಿದೆ. ಅಷ್ಟರಲ್ಲಿ ಒಳಬದಿಯಿಂದ ಅವನು ಸರ್ರನೆ ನುಗ್ಗಿಹೋದ. ಅರೆಗಳಿಗೆಯ ಮಾತು ಅಷ್ಟೇ. ಐದನೆಯವಳಾಗಿ ಗೆರೆ ದಾಟಿದೆ.

ಕಾರಿನಿಂದ ಇಳಿಯಲೇ ಇಲ್ಲ. ಕೊನೆಗೂ ನನ್ನ ಕಾಲು ಕೈಕೊಟ್ಟಿತು, ಅದರ ಹಳೆಯ ಚಾಳಿ ಹೋಗುವುದಿಲ್ಲ ಎಂದು ಹೆಲ್ಮೆಟ್ಟಿನೊಳಗೇ ನನ್ನನ್ನು ನಾನು ಬೈದುಕೊಳ್ಳುತ್ತ ಕೂತೆ. ಚಿಕ್ಕಪ್ಪ ಏದುಸಿರು ಬಿಡುತ್ತ ಬಂದ. ಅಚ್ಚು ತೆಗೆಯಲು ಬಗ್ಗಿದವನು, ತೆಗೆಯದೆ ಹಾಗೇ ನಿಂತ.

"ನಿಂದಲ್ಲ ಕಣವ್ವ ಅದು."

"ಯಾವುದು?"

"ಕೊನೇ ಸುತ್ತಲ್ಲಿ ನೀ ಬರೋ ರಭಸ ನೋಡಿ ನಂಗೆ ಎದೆ ಹೊಡ್ಕೊಂಡ್‌ಬುಡ್ತು. ಹಿಂದಕ್ಕೆ ನಾಕು ಹೆಜ್ಜೆ ಬಂದ್‌ಬುಟ್ಟೆ. ನೀನು ಸರಿಯಾಗೇ ಹಿಡಿದೆ. ಹೆದರಿದ್ದು ನಾನು."

ನನಗೆ ನಂಬಿಕೆ ಬರಲಿಲ್ಲ. "ಇದನ್ನೂ ಮುಚ್ಚಿ ಹಾಕ್ತಾ ಇದೀಯಾ ಚಿಕ್ಕಪ್ಪ? ಏಳು ವರ್ಷ ಮುಚ್ಚಿದ್ದು ಸಾಲದಾ?"

"ನಿನ್ನ ಚಿಕ್ಕಮ್ಮನಾಣೆಗೂ ಇಲ್ಲ."

"ನಡಿ. ತೋರಿಸು."

ಕಾರಿನಿಂದ ಇಳಿದು, ಹೆಲ್ಮೆಟ್ಟನ್ನು ಅವನ ಕೈಗೆ ಕೊಟ್ಟು, ಬಹುಮಾನದ ಕಡೆಗೆ ಹೋಗುತ್ತಿದ್ದ ಜನರನ್ನು ದಾಟಿಕೊಂಡು, ಬೇಲಿಯ ಆಚೆಗೆ ಅವನನ್ನು ಕರೆದುಕೊಂಡು ಹೋದೆ. ಸಾಕಷ್ಟು ದೂರವಿತ್ತು. ತಿರುವಿನ ಹತ್ತಿರ ಅವನು ನಿಂತು ಬೆರಳು ತೋರಿಸಿದ.

ಕೆಸರಿನಲ್ಲಿ ಅವನ ಚಪ್ಪಲಿಯ ಎರಡು ಅಚ್ಚುಗಳು ಆಳವಾಗಿ ಕೂತಿದ್ದವು. ಇಡೀ ರೇಸು ಅಲ್ಲಾಡದೆ ನಿಂತ ಜಾಗ. ಅಲ್ಲಿಂದ ಹಿಂದಕ್ಕೆ, ತಿರುವಿನಿಂದ ದೂರಕ್ಕೆ, ಜಾರಿದಂತೆ ಅಡ್ಡಾದಿಡ್ಡಿಯಾಗಿ ನಾಲ್ಕು ಹೆಜ್ಜೆಗಳಿದ್ದವು. ನಾನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಬೇಲಿ ಹಿಡಿದು ಆ ನಾಲ್ಕನೆಯ ಹೆಜ್ಜೆಯ ಮೇಲೆ ನಿಂತು ಟ್ರ್ಯಾಕನ್ನು ನೋಡಿದೆ. ನಾನು ಬ್ರೇಕು ತುಳಿದ ಕಪ್ಪು ಗುರುತು ಸರಿಯಾಗಿ ಅಲ್ಲೇ, ನನ್ನ ಎದುರಿಗೇ ಶುರುವಾಗಿತ್ತು.